ಹಂಗರ್ ಗೇಮ್ಸ್, ಡೈವರ್ಜೆಂಟ್, ಸೈಥ್: ರಜೆಗೆ ಯಾವ ಸರಣಿ ತರಿಸೋಣ?

ಪರೀಕ್ಷೆ ಮುಗಿದು ರಜೆ ಶುರುವಾಯಿತು ಅಂದರೆ ನನಗೆ ಒಂದೇ ಪ್ರಶ್ನೆ ನಾಲ್ಕಾರು ಮನೆಗಳಿಂದ ಬರುತ್ತದೆ. ಬಳ್ಳಾರಿಯಲ್ಲಿ ನಾನು ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ನನ್ನ ಕಪಾಟಿನ ಪುಸ್ತಕಗಳನ್ನು ಅವರಿಗೆ ಓದಲು ಕೊಡುತ್ತೇನೆ. ಅದಕ್ಕೇ ತಾಯಂದಿರು ನನ್ನನ್ನು ಕೇಳುತ್ತಾರೆ. “ಮೇಡಂ, ಮಗಳು ಹಂಗರ್ ಗೇಮ್ಸ್ ಸಿನಿಮಾ ನೋಡ್ಯಾಳ್ರಿ. ಈಗ ಪುಸ್ತಕ ಬೇಕಂತಾಳ. ಅದನ್ನ ತರಿಸೋದಾ, ಡೈವರ್ಜೆಂಟಾ? ಮೂರೂ ಬೇಕಾ, ಒಂದು ಸಾಕಾ?”

ಇವೆಲ್ಲ ಡಿಸ್ಟೋಪಿಯಾ ಕಥೆಗಳು. ಮುಂದೆ ಎಂದೋ ಬರುವ ಕಾಲ. ಉಸಿರಾಟ ಬಿಟ್ಟು ಉಳಿದದ್ದಕ್ಕೆಲ್ಲ ನಿಯಮ ಇರುವ ಒಂದು ದೇಶ. ಹದಿನೈದು ಹದಿನಾರು ವಯಸ್ಸಿನ ಹುಡುಗಿಯೋ ಹುಡುಗನೋ ಆ ನಿಯಮವನ್ನು ಮುರಿಯುತ್ತಾರೆ. 2008ರಲ್ಲಿ ಹಂಗರ್ ಗೇಮ್ಸ್ ಬಂದು ಗೆದ್ದ ಮೇಲೆ ಇಂಥ ಸರಣಿಗಳು ಸಾಲುಸಾಲಾಗಿ ಬಂದವು. ಹಿಂಬದಿಯ ಪುಟದಲ್ಲಿ ಬರೆದ ಸಾರಾಂಶ ಓದಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಹೋದರೆ ಬಹಳ ವ್ಯತ್ಯಾಸ ಇದೆ. ಇಲ್ಲಿ ನಾನು ಹೇಳುತ್ತಿರುವುದು ಇಂಗ್ಲಿಷ್ ಪ್ರತಿಗಳ ಬಗ್ಗೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಇಂಗ್ಲಿಷ್. ನಮ್ಮ ಕಡೆಯ ಬಹಳ ಮಕ್ಕಳು ಕನ್ನಡ ಮೀಡಿಯಂನಲ್ಲಿ ಓದಿದವರು. ಇಂಗ್ಲಿಷ್ ಮೀಡಿಯಂ ಆಗಿದ್ದರೂ ಪಠ್ಯ ಬಿಟ್ಟು ಬೇರೆ ಇಂಗ್ಲಿಷ್ ಓದಿದವರು ಕಡಿಮೆ. ಸಣ್ಣ ವಾಕ್ಯ, “ನಾನು” ಎಂದು ಹೇಳಿಕೊಂಡು ಹೋಗುವ ಕಥೆ ಇದ್ದರೆ ಅವರು ದಾಟಿಬಿಡುತ್ತಾರೆ. ಇಪ್ಪತ್ತನೇ ಪುಟಕ್ಕೆ ಡಿಕ್ಷನರಿ ಬೇಕಾದರೆ ಪುಸ್ತಕ ಟಿವಿ ಸ್ಟ್ಯಾಂಡಿನ ಕೆಳಗೆ ಸೇರುತ್ತದೆ.

ಎರಡನೆಯದು ಮೂರನೇ ಪುಸ್ತಕ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಕಾರ ಇದೇ ಮುಖ್ಯ. ಈ ಸರಣಿಗಳಲ್ಲಿ ಮೊದಲ ಪುಸ್ತಕ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಒಂದು ಒಳ್ಳೆಯ ಐಡಿಯಾ, ಒಂದು ಪರೀಕ್ಷೆ, ಒಂದು ಓಟ. ಕೊನೆಗೆ ಬಾಗಿಲು ತೆರೆದಿಟ್ಟು ಹೋಗುತ್ತದೆ. ಆ ಜಗತ್ತು ಹೀಗೇಕಾಯಿತು, ಯಾರು ಮಾಡಿದರು, ಮುಂದೇನು ಎನ್ನುವುದಕ್ಕೆ ಮೂರನೆಯದು ಉತ್ತರ ಕೊಡಬೇಕು. ಅಲ್ಲೇ ಬಹಳ ಲೇಖಕರು ಜಾರುತ್ತಾರೆ. ನೀವು ಮೂರರ ಸೆಟ್‌ಗೆ ದುಡ್ಡು ಹಾಕುವುದಾದರೆ ಮೂರನೆಯದನ್ನು ನೋಡಿಯೇ ಹಾಕಬೇಕು, ಅಲ್ವಾ?

ಆಮೇಲೆ ಹಿಂಸೆ. ಇವು ಮಕ್ಕಳ ಪುಸ್ತಕದ ಕಪಾಟಿನಲ್ಲಿದ್ದರೂ ಮಕ್ಕಳು ಸಾಯುವ ಕಥೆಗಳು. ಹನ್ನೆರಡು ವರ್ಷದವಳಿಗೂ ಹದಿನೇಳರವಳಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ದುಡ್ಡಿನ ಮಾತು ಕೊನೆಗೆ ಬರುತ್ತದೆ. ಸಿನಿಮಾ ಬಂದಿದೆಯೋ ಇಲ್ಲವೋ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂಗರ್ ಗೇಮ್ಸ್

ಸುಜಾನ್ ಕಾಲಿನ್ಸ್ ಬರೆದ ಮೂರು ಪುಸ್ತಕಗಳು 2008, 2009, 2010ರಲ್ಲಿ ಬಂದವು. ಪ್ಯಾನೆಮ್ ಎಂಬ ದೇಶ. ನಡುವೆ ಕ್ಯಾಪಿಟಲ್ ಎಂಬ ಐಷಾರಾಮಿ ನಗರ, ಸುತ್ತ 12 ಜಿಲ್ಲೆಗಳು. ಹಿಂದೆ ಜಿಲ್ಲೆಗಳು ದಂಗೆ ಎದ್ದಿದ್ದವು. ಅದರ ಶಿಕ್ಷೆಯಾಗಿ ಪ್ರತಿ ಜಿಲ್ಲೆಯಿಂದ 12ರಿಂದ 18 ವರ್ಷದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಪ್ರತಿ ವರ್ಷ ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳು ಒಬ್ಬರು ಉಳಿಯುವ ತನಕ ಒಬ್ಬರನ್ನೊಬ್ಬರು ಕೊಲ್ಲಬೇಕು. ಅದು ಇಡೀ ದೇಶದ ಟಿವಿಯಲ್ಲಿ ಬರುತ್ತದೆ. ನೋಡಲೇಬೇಕು ಎಂಬ ನಿಯಮವೂ ಇದೆ.

ನಾಯಕಿ ಕ್ಯಾಟ್ನಿಸ್ 12ನೇ ಜಿಲ್ಲೆಯವಳು. ಅದು ಕಲ್ಲಿದ್ದಲು ಗಣಿಯ ಜಿಲ್ಲೆ. ಅವಳ ಅಪ್ಪ ಗಣಿ ಸ್ಫೋಟದಲ್ಲಿ ಸತ್ತಿದ್ದಾನೆ. ನಮ್ಮ ಮಕ್ಕಳಿಗೆ ಈ ಪುಸ್ತಕ ಹತ್ತಿರವಾಗಲು ಇದೇ ಕಾರಣ ಎಂದು ನನಗೆ ಅನಿಸುತ್ತದೆ. ಸಂಡೂರಿನ ಕೆಂಪು ದೂಳು, ಅದಿರು ತುಂಬಿದ ಲಾರಿಗಳ ಸಾಲು, ಹಟ್ಟಿಯ ಗಣಿ, ಶಕ್ತಿನಗರಕ್ಕೆ ಹೋಗುವ ಕಲ್ಲಿದ್ದಲಿನ ಗೂಡ್ಸ್ ಗಾಡಿ ನೋಡಿಕೊಂಡು ಬೆಳೆದವರು ಅವರು. ನೆಲದಿಂದ ತೆಗೆದದ್ದು ಎಲ್ಲಿಗೋ ಹೋಗುತ್ತದೆ, ತೆಗೆದವರ ಮನೆಯಲ್ಲಿ ಬಡತನ ಹಾಗೇ ಇರುತ್ತದೆ ಎನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನನಗೆ ಇಷ್ಟವಾದ ಒಂದು ಸಣ್ಣ ವಿವರ ಹೇಳುತ್ತೇನೆ. ಬಡವರ ಮಕ್ಕಳು ಚೀಟಿ ಡಬ್ಬಿಗೆ ತಮ್ಮ ಹೆಸರನ್ನು ಹೆಚ್ಚು ಸಲ ಹಾಕಿಸಿಕೊಳ್ಳಬಹುದು. ಹಾಗೆ ಮಾಡಿದರೆ ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಕಾಳು, ಎಣ್ಣೆ ಸಿಗುತ್ತದೆ. ತೀರಾ ಕಡಿಮೆ ಪ್ರಮಾಣ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಹೆಚ್ಚು ಚೀಟಿ. ಅಂದರೆ ಹಸಿದವರ ಹೆಸರೇ ಡಬ್ಬಿಯಲ್ಲಿ ಜಾಸ್ತಿ. ಭಾಷಣ ಇಲ್ಲ, ಕಣ್ಣೀರಿಲ್ಲ, ಒಂದು ರೇಷನ್ ಲೆಕ್ಕದಲ್ಲೇ ಇಡೀ ಆಡಳಿತ ಎಂಥದ್ದು ಎಂದು ಗೊತ್ತಾಗುತ್ತದೆ. ಮುಂದೆ ಹೇಳುವ ಸರಣಿಗಳಲ್ಲಿ ಇಷ್ಟು ಗಟ್ಟಿಯಾದ ಲೆಕ್ಕ ಕೆಲವಕ್ಕೇ ಇದೆ.

ಭಾಷೆ ಸರಳ. ಕ್ಯಾಟ್ನಿಸ್ ತಾನೇ ಹೇಳುತ್ತಾಳೆ, ಈಗ ನಡೆಯುತ್ತಿರುವ ಹಾಗೆ ಹೇಳುತ್ತಾಳೆ. ಕಾಲಿನ್ಸ್ ಮೊದಲು ಟಿವಿಗೆ ಬರೆಯುತ್ತಿದ್ದವರು. ಆ ಕೈಚಳಕ ಇಲ್ಲಿ ಕಾಣುತ್ತದೆ: ಮೂರೂ ಪುಸ್ತಕಗಳಲ್ಲಿ ತಲಾ 27 ಅಧ್ಯಾಯ, ಬಹುಪಾಲು ಅಧ್ಯಾಯಗಳು ಮುಂದಿನದನ್ನು ತೆರೆಯದೆ ಇರಲಾಗದ ಕಡೆ ನಿಲ್ಲುತ್ತವೆ. ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ, ಹೀಗೆ ಚಾನೆಲ್ ಬದಲಿಸುತ್ತಿದ್ದಾಗ ಕಥೆ ಹೊಳೆಯಿತು ಎಂದು ಅವರೇ ಹೇಳಿದ್ದಾರೆ.

ಮೂರನೆಯದಾದ ಮಾಕಿಂಗ್‌ಜೇ ಮಕ್ಕಳಿಗೆ ಅಷ್ಟು ಹಿಡಿಸುವುದಿಲ್ಲ. ಆಟ ಇಲ್ಲ, ಯುದ್ಧ ಇದೆ. ಕ್ಯಾಟ್ನಿಸ್ ಅರ್ಧ ಹೊತ್ತು ಆಸ್ಪತ್ರೆಯಲ್ಲಿ, ಇನ್ನರ್ಧ ಹೊತ್ತು ಕ್ಯಾಮೆರಾ ಮುಂದೆ. ಅವಳನ್ನು ಈಗ ತನ್ನ ಕಡೆಯವರೇ ಪ್ರಚಾರಕ್ಕೆ ಬಳಸುತ್ತಿದ್ದಾರೆ. ನನಗೆ ಮಾತ್ರ ಮೂರರಲ್ಲಿ ಇದೇ ಮೇಲು. ಕೆಟ್ಟವರನ್ನು ಸೋಲಿಸಿದ ಮೇಲೆ ಅವರ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳುವ ಧೈರ್ಯ ಅದಕ್ಕಿದೆ. ಇಬ್ಬರು ಹುಡುಗರಲ್ಲಿ ಕ್ಯಾಟ್ನಿಸ್ ಯಾರನ್ನು ಆರಿಸುತ್ತಾಳೆ ಎಂಬ ಪ್ರೇಮದ ಎಳೆ ಇದೆ. ಅದರ ಬಗ್ಗೆ ಹೇಳಲು ನನಗೇನೂ ಇಲ್ಲ.

13 ದಾಟಿದವರಿಗೆ ಕೊಡಿ. ಹನ್ನೆರಡರ ಮಕ್ಕಳು ಕಥೆಯೊಳಗೆ ಸಾಯುತ್ತಾರೆ ಎನ್ನುವುದನ್ನು ನೆನಪಿಡಿ.

ಡೈವರ್ಜೆಂಟ್

ವೆರೋನಿಕಾ ರಾತ್ ಇದರ ಮೊದಲ ಪುಸ್ತಕವನ್ನು ಕಾಲೇಜಿನಲ್ಲಿ ಓದುತ್ತಿರುವಾಗಲೇ ಬರೆದರು. ಮೂರು ಪುಸ್ತಕ, 2011ರಿಂದ 2013. ಶಿಕಾಗೋ ನಗರ ಐದು ಪಂಗಡಗಳಾಗಿದೆ. ಒಂದಕ್ಕೆ ತ್ಯಾಗ ಮುಖ್ಯ, ಒಂದಕ್ಕೆ ಧೈರ್ಯ, ಒಂದಕ್ಕೆ ಜ್ಞಾನ, ಒಂದಕ್ಕೆ ಸತ್ಯ, ಒಂದಕ್ಕೆ ಶಾಂತಿ. 16ನೇ ವಯಸ್ಸಿಗೆ ಒಂದು ಪರೀಕ್ಷೆ. ಆಮೇಲೆ ಎಲ್ಲರ ಎದುರು ಪಂಗಡ ಆರಿಸಬೇಕು. ಹುಟ್ಟಿದ ಪಂಗಡ ಬಿಟ್ಟರೆ ಅಪ್ಪ ಅಮ್ಮನನ್ನೂ ಬಿಟ್ಟ ಹಾಗೆ.

ಹತ್ತನೇ ಕ್ಲಾಸ್ ಮುಗಿಸಿ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಎಂದು ಮನೆಮಂದಿಯೆಲ್ಲ ಕೂತು ತಲೆ ಕೆಡಿಸಿಕೊಂಡಿರುವ ತಿಂಗಳಲ್ಲಿ ಈ ಪುಸ್ತಕ ಕೊಟ್ಟು ನೋಡಿ. ಒಂದೇ ಏಟಿಗೆ ಓದುತ್ತಾರೆ. ಭಾಷೆ ಹಂಗರ್ ಗೇಮ್ಸ್‌ಗಿಂತಲೂ ಸುಲಭ. ತರಬೇತಿ, ರೈಲಿನಿಂದ ಜಿಗಿಯುವುದು, ಭಯ ಗೆಲ್ಲುವ ಪರೀಕ್ಷೆಗಳು, ಎಲ್ಲ ಜೋರಾಗಿ ಓಡುತ್ತವೆ.

ಆದರೆ ಎರಡನೆಯದರಿಂದ ಗಾಳಿ ಇಳಿಯುತ್ತದೆ. ಒಂದು ಊರು ಒಂದೊಂದೇ ಗುಣದ ಮೇಲೆ ಹೇಗೆ ನಡೆಯುತ್ತದೆ, ಅನ್ನ ಯಾರು ಬೆಳೆಯುತ್ತಾರೆ, ಬೇಲಿಯ ಆಚೆ ಏನಿದೆ ಎಂದು ಕೇಳುತ್ತಾ ಹೋದರೆ ಉತ್ತರಗಳು ಬೇಗ ಬೇಗ ಹೊಲಿದ ಹಾಗೆ ಇವೆ. ಮೂರನೆಯದರಲ್ಲಿ ನಾಯಕಿ ಟ್ರಿಸ್ ಮತ್ತು ಅವಳ ಗೆಳೆಯ ಫೋರ್ ಸರದಿಯಂತೆ ಕಥೆ ಹೇಳುತ್ತಾರೆ. ಇಬ್ಬರ ದನಿಯೂ ಒಂದೇ. ಅಧ್ಯಾಯದ ತಲೆಯಲ್ಲಿ ಹೆಸರು ನೋಡದಿದ್ದರೆ ಯಾರ ಮಾತು ಎಂದು ತಿಳಿಯುವುದಿಲ್ಲ. ಕೊನೆ ಬಹಳ ಓದುಗರಿಗೆ ಸಿಟ್ಟು ತರಿಸಿತು. ಏನಾಗುತ್ತದೆ ಎಂದು ಹೇಳುವುದಿಲ್ಲ. ಕೊನೆ ತಪ್ಪಲ್ಲ, ಅಲ್ಲಿಗೆ ತಂದ ದಾರಿ ಸಾಲದು, ಅಷ್ಟೇ ನನ್ನ ದೂರು.

ಒಂದು ವಿಷಯ: ಸಿನಿಮಾಗಳು 2014, 2015, 2016ರಲ್ಲಿ ಬಂದು ನಿಂತವು. ಕೊನೆಯ ಭಾಗದ ಸಿನಿಮಾ ಆಗಲೇ ಇಲ್ಲ. ಸಿನಿಮಾ ನೋಡಿದವರಿಗೆ ಕೊನೆ ಬೇಕಿದ್ದರೆ ಪುಸ್ತಕವೇ ಗತಿ. ಉಳಿದವರು ಮೊದಲನೆಯದನ್ನು ಮಾತ್ರ ಓದಿ ನಿಲ್ಲಿಸಿದರೆ ನಷ್ಟ ಇಲ್ಲ.

ಮೇಜ್ ರನ್ನರ್

“ನನ್ನ ಮಗ ಮೊಬೈಲ್ ಬಿಟ್ಟು ಏನೂ ಮುಟ್ಟಲ್ಲ” ಎನ್ನುವ ಮನೆಗೆ ನಾನು ಇದನ್ನೇ ಕಳಿಸುವುದು. ಜೇಮ್ಸ್ ಡ್ಯಾಶ್ನರ್ ಬರೆದದ್ದು, 2009ರಲ್ಲಿ ಮೊದಲನೆಯದು ಬಂತು. ಥಾಮಸ್ ಒಂದು ಲಿಫ್ಟಿನೊಳಗೆ ಎಚ್ಚರವಾಗುತ್ತಾನೆ. ಹೆಸರು ಬಿಟ್ಟು ಏನೂ ನೆನಪಿಲ್ಲ. ಮೇಲೆ ಹುಡುಗರೇ ತುಂಬಿರುವ ಒಂದು ಬಯಲು, ಸುತ್ತ ಎತ್ತರದ ಗೋಡೆ, ಗೋಡೆಯಾಚೆ ರಾತ್ರಿ ರಾತ್ರಿ ಬದಲಾಗುವ ಚಕ್ರವ್ಯೂಹ. ಅಧ್ಯಾಯಗಳು ಪುಟ್ಟವು. ಐದು ನಿಮಿಷಕ್ಕೊಂದು ಮುಗಿಯುತ್ತದೆ. ಓದುವ ಅಭ್ಯಾಸ ಇಲ್ಲದ ಹುಡುಗನಿಗೆ ಅದೇ ದೊಡ್ಡ ಉಪಕಾರ.

ಆ ಹುಡುಗರಿಗೆ ತಮ್ಮದೇ ಬೈಗುಳ, ತಮ್ಮದೇ ಪದಗಳಿವೆ. ಡಿಕ್ಷನರಿಯಲ್ಲಿ ಹುಡುಕಬೇಡ, ಮುಂದೆ ಹೋಗು, ಅದಾಗೇ ತಿಳಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ರಕ್ತ, ರೋಗ, ರಾಕ್ಷಸ ಯಂತ್ರ ಎಲ್ಲ ಇವೆ. ಮೊದಲ ಪುಸ್ತಕದಲ್ಲಿ ಹುಡುಗಿ ಒಬ್ಬಳೇ, ಅವಳಿಗೂ ಕೆಲಸ ಕಡಿಮೆ. ಎರಡನೆಯದು ಸೂರ್ಯನ ಜ್ವಾಲೆಗೆ ಸುಟ್ಟುಹೋದ ಮರುಭೂಮಿಯಲ್ಲಿ ನಡೆಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಕೂತು ಓದುವವರಿಗೆ ಹೆಚ್ಚು ಕಲ್ಪನೆ ಬೇಕಾಗಲ್ಲ. ಚಕ್ರವ್ಯೂಹ ಕಟ್ಟಿದ್ದು ಯಾಕೆ ಎಂಬುದಕ್ಕೆ ಮೂರನೆಯದು ಕೊಡುವ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಓಡುತ್ತಾ ಓದುವವರು ಅದನ್ನು ಗಮನಿಸುವುದೂ ಇಲ್ಲ ಬಿಡಿ.

ದಿ ಗಿವರ್ ಮತ್ತು ಲೆಜೆಂಡ್

ಇಂಗ್ಲಿಷ್ ಕಷ್ಟ, ದುಡ್ಡೂ ಕಡಿಮೆ, ವಯಸ್ಸು ಹನ್ನೆರಡು ಹದಿಮೂರು ಎಂದಾದರೆ ಲೋಯಿಸ್ ಲೌರಿಯ ದಿ ಗಿವರ್ ತನ್ನಿ. ಇದು ಉಳಿದ ಎಲ್ಲಕ್ಕಿಂತ ಹಳೆಯದು, 1993ರದ್ದು. 1994ರಲ್ಲಿ ಅಮೆರಿಕದ ನ್ಯೂಬೆರಿ ಪದಕ ಬಂತು. 200 ಪುಟದ ಆಸುಪಾಸು. ಜೋನಾಸ್ ಇರುವ ಊರಿನಲ್ಲಿ ನೋವಿಲ್ಲ, ಹಸಿವಿಲ್ಲ, ಜಗಳವಿಲ್ಲ, ಬಣ್ಣವೂ ಇಲ್ಲ. 12 ತುಂಬಿದವರಿಗೆ ಹಿರಿಯರು ಸಭೆಯಲ್ಲಿ ಕೆಲಸ ಹಂಚುತ್ತಾರೆ. ಡಾಕ್ಟರೋ ಎಂಜಿನಿಯರೋ ಎಂದು ಹುಟ್ಟಿದಾಗಲೇ ಬರೆದಿಟ್ಟ ನಮ್ಮ ಮನೆಗಳಲ್ಲಿ ಈ ಸಭೆಯ ಬಗ್ಗೆ ಅಪ್ಪ ಮಕ್ಕಳು ಮಾತಾಡಬಹುದು.

ಇದು ಕತ್ತಿ ಬಂದೂಕಿನ ಕಥೆಯಲ್ಲ. ಆದರೆ ಕೊನೆಯ ಹತ್ತಿರ ಒಂದು ದೃಶ್ಯ ಇದೆ. ಹಂಗರ್ ಗೇಮ್ಸ್‌ನ ಯಾವ ಸಾವಿಗಿಂತಲೂ ಅದು ಹೆಚ್ಚು ಕಾಡುತ್ತದೆ. ಮಗು ಓದುವಾಗ ಮನೆಯಲ್ಲಿ ದೊಡ್ಡವರೊಬ್ಬರು ಓದಿದ್ದರೆ ಒಳ್ಳೆಯದು. ಮುಕ್ತಾಯ ಎರಡು ಥರ ಅರ್ಥವಾಗುತ್ತದೆ. ಕೆಲವರು ನನ್ನ ಜೊತೆ ಜಗಳಕ್ಕೇ ಬಂದಿದ್ದಾರೆ. ಇದಕ್ಕೆ ಇನ್ನೂ ಮೂರು ಪುಸ್ತಕ ಇವೆ, 2000, 2004 ಮತ್ತು 2012ರವು. ಎರಡನೆಯದು ಬೇರೆ ಊರು, ಬೇರೆ ಮಕ್ಕಳ ಕಥೆ. ನಾಲ್ಕನೆಯದರಲ್ಲಿ ಎಲ್ಲ ಕೂಡುತ್ತವೆ. ತರಿಸಲೇಬೇಕು ಎಂದೇನಿಲ್ಲ. ಒಂದರಲ್ಲೇ ಹೊಟ್ಟೆ ತುಂಬುವುದು ಈ ಪಟ್ಟಿಯಲ್ಲಿ ಇದೊಂದೇ.

ಮೇರಿ ಲು ಬರೆದ ಲೆಜೆಂಡ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಪಾಪ. 2011ರಿಂದ 2013ರ ತನಕ ಮೂರು, ಆಮೇಲೆ 2019ರಲ್ಲಿ ಇನ್ನೊಂದು. ಹತ್ತು ವರ್ಷಕ್ಕೆ ಪ್ರತಿ ಮಗುವೂ ಒಂದು ಪರೀಕ್ಷೆ ಬರೆಯಬೇಕು. ಅಂಕ 1500ಕ್ಕೆ. ಜೂನ್ ಎಂಬ ಹುಡುಗಿಗೆ ಬಂದದ್ದು ಪೂರ್ತಿ 1500. ಡೇ ಎಂಬ ಹುಡುಗ ಫೇಲಾಗಿ ಓಡಿಹೋದವನು, ಈಗ ಸರ್ಕಾರ ಹುಡುಕುತ್ತಿರುವ ಕಳ್ಳ. ಇಬ್ಬರೂ 15ರವರು, ಸರದಿಯಲ್ಲಿ ಕಥೆ ಹೇಳುತ್ತಾರೆ. ಇಲ್ಲಿ ಇಬ್ಬರ ದನಿಯೂ ಬೇರೆ ಬೇರೆ ಕೇಳುತ್ತದೆ. ಪುಸ್ತಕ ತೆಳು, ಭಾಷೆ ಹಗುರ, ಮೂರನೆಯದರ ತನಕ ಮಟ್ಟ ಇಳಿಯುವುದಿಲ್ಲ. ಬಹಳ ಎತ್ತರಕ್ಕೂ ಹೋಗುವುದಿಲ್ಲ. ನೀಟ್ ರ‍್ಯಾಂಕಿನ ಮಾತೇ ದಿನವಿಡೀ ಕೇಳುವ ಮಕ್ಕಳಿಗೆ ಆ 1500ರ ಅಂಕದ ಹಿಂದೆ ಏನಿದೆ ಎಂಬ ಗುಟ್ಟು ಚೆನ್ನಾಗಿ ತಾಗುತ್ತದೆ.

ಸ್ಕಾಟ್ ವೆಸ್ಟರ್‌ಫೆಲ್ಡ್‌ನ ಅಗ್ಲೀಸ್ ಕೂಡ ಕೇಳುತ್ತಾರೆ. 2005ರದ್ದು. 16 ತುಂಬಿದವರಿಗೆಲ್ಲ ಆಪರೇಷನ್ ಮಾಡಿ ಚೆಂದ ಮಾಡುವ ಊರು. ಫೋಟೋಕ್ಕೆ ಫಿಲ್ಟರ್ ಹಾಕದೆ ಹೊರಗೆ ಬರದ ವಯಸ್ಸಿನವರಿಗೆ ಐಡಿಯಾ ಹಿಡಿಸುತ್ತದೆ. ಕಥೆ ನಡುವೆ ಎಳೆಯುತ್ತದೆ. ಯಾರಾದರೂ ಕೊಟ್ಟರೆ ಓದಿ, ಕೊಂಡುಕೊಳ್ಳಲು ನನ್ನ ಶಿಫಾರಸು ಇಲ್ಲ.

ಸೈಥ್

ಪಿಯುಸಿ ದಾಟಿದವರಿಗೆ, ಹಂಗರ್ ಗೇಮ್ಸ್ ಮುಗಿಸಿ “ಮುಂದೇನು” ಎನ್ನುವವರಿಗೆ ನನ್ನ ಮೊದಲ ಆಯ್ಕೆ ನೀಲ್ ಶುಸ್ಟರ್‌ಮನ್‌ನ ಈ ಸರಣಿ. 2016, 2018, 2019ರಲ್ಲಿ ಮೂರು ಪುಸ್ತಕ.

ಇಲ್ಲಿ ಮನುಷ್ಯ ಸಾವನ್ನು ಗೆದ್ದಿದ್ದಾನೆ. ರೋಗ ಇಲ್ಲ, ಮುಪ್ಪು ಬಂದರೆ ವಯಸ್ಸು ಹಿಂದೆ ತಿರುಗಿಸಿಕೊಳ್ಳಬಹುದು. ಜಗತ್ತನ್ನು ಥಂಡರ್‌ಹೆಡ್ ಎಂಬ ಕೃತಕ ಬುದ್ಧಿ ನಡೆಸುತ್ತದೆ. ಚೆನ್ನಾಗಿಯೇ ನಡೆಸುತ್ತದೆ! ಲಂಚ ಇಲ್ಲ, ಹಸಿವು ಇಲ್ಲ. ಉಳಿದ ಸರಣಿಗಳಲ್ಲಿ ಸರ್ಕಾರವೇ ಖಳ. ಇಲ್ಲಿ ಸರ್ಕಾರ ಒಳ್ಳೆಯದು, ಕೆಡುಕು ಬರುವುದು ಮನುಷ್ಯರಿಂದ. ಜನಸಂಖ್ಯೆ ಮಿತಿ ಮೀರಬಾರದಲ್ಲ, ಅದಕ್ಕೆ ಕೆಲವರಿಗೆ ಕೊಲ್ಲುವ ಅಧಿಕಾರ ಕೊಟ್ಟಿದ್ದಾರೆ. ಅವರೇ ಸೈಥ್‌ಗಳು. ಅವರ ವಿಷಯದಲ್ಲಿ ಥಂಡರ್‌ಹೆಡ್ ಕೈ ಹಾಕುವಂತಿಲ್ಲ. ಸಿಟ್ರಾ ಎಂಬ ಹುಡುಗಿ, ರೋವನ್ ಎಂಬ ಹುಡುಗ, ಇಬ್ಬರಿಗೂ ಈ ಕೆಲಸ ಬೇಡ. ಬೇಡ ಎನ್ನುವವರೇ ಇದಕ್ಕೆ ಸರಿ ಎಂದು ಅವರನ್ನು ಶಿಷ್ಯರಾಗಿ ತೆಗೆದುಕೊಳ್ಳುತ್ತಾರೆ.

ಯಾರನ್ನು ಕೊಲ್ಲಬೇಕು ಎಂದು ಹೇಗೆ ಆರಿಸುವುದು? ಫ್ಯಾರಡೆ ಎಂಬ ಸೈಥ್ ಹಳೆಯ ಕಾಲದ ಸಾವಿನ ಅಂಕಿಅಂಶ ನೋಡುತ್ತಾನೆ. ಆಗ ಇಷ್ಟು ಜನ ಅಪಘಾತದಲ್ಲಿ ಸಾಯುತ್ತಿದ್ದರು, ಹಾಗಾಗಿ ಇವತ್ತು ಇಂಥವನು. ಕ್ಯೂರಿ ಎಂಬಾಕೆ ಬದುಕಿನಲ್ಲಿ ಉತ್ಸಾಹ ಬತ್ತಿದವರನ್ನು ಗುರುತಿಸಿ ಆರಿಸುತ್ತಾಳೆ. ಗೊಡ್ಡಾರ್ಡ್‌ಗೆ ಕೊಲ್ಲುವುದೇ ಖುಷಿ, ಗುಂಪುಗುಂಪಾಗಿ ಕೊಲ್ಲುತ್ತಾನೆ. ಮೂರನೆಯವನು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಮೊದಲಿನ ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ನನ್ನ ಟ್ಯೂಷನ್‌ನಲ್ಲಿ ಜಗಳವೇ ಆಗುತ್ತದೆ. ಇಂಥ ಜಗಳ ಹುಟ್ಟಿಸುವ ಪುಸ್ತಕಕ್ಕೆ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ತೊಡಕುಗಳೂ ಇವೆ. ಇಂಗ್ಲಿಷ್ ಒಂದು ಮೆಟ್ಟಿಲು ಮೇಲಿದೆ. ಅಧ್ಯಾಯಗಳ ನಡುವೆ ಸೈಥ್‌ಗಳ ದಿನಚರಿ ಪುಟಗಳು ಬರುತ್ತವೆ. ಅವಸರದವರು ಅವನ್ನು ಹಾರಿಸುತ್ತಾರೆ, ಹಾರಿಸಿದರೆ ಸ್ವಾರಸ್ಯ ಹೋಗುತ್ತದೆ. ಮೂರನೆಯದು ಬಹಳ ದಪ್ಪ, ಪಾತ್ರಗಳೂ ಜಾಸ್ತಿ. ಸಾಮೂಹಿಕ ಕೊಲೆಯ ದೃಶ್ಯಗಳಿವೆ. 15ರ ಕೆಳಗಿನವರಿಗೆ ನಾನು ಕೊಡುವುದಿಲ್ಲ.

ಪ್ಯಾಟ್ರಿಕ್ ನೆಸ್‌ನ ಕೇಯಾಸ್ ವಾಕಿಂಗ್ ಬಗ್ಗೆ ಒಂದು ಎಚ್ಚರಿಕೆ. ಬರವಣಿಗೆ ನೋಡಿದರೆ ಎಲ್ಲಕ್ಕಿಂತ ಮೇಲು. ಮೂರನೆಯದಕ್ಕೆ 2011ರಲ್ಲಿ ಬ್ರಿಟನ್ನಿನ ಕಾರ್ನೆಗಿ ಪದಕ ಬಂದಿದೆ. ಆದರೆ ಕಥೆ ಹೇಳುವ ಟಾಡ್ ಸರಿಯಾಗಿ ಓದು ಬರಹ ಕಲಿತವನಲ್ಲ. ಎಷ್ಟೋ ಪದಗಳನ್ನು ಉಚ್ಚರಿಸಿದ ಹಾಗೇ ತಪ್ಪಾಗಿ ಬರೆಯುತ್ತಾನೆ. ಸ್ಪೆಲ್ಲಿಂಗ್ ಇನ್ನೂ ಗಟ್ಟಿಯಾಗದ ನಮ್ಮ ಮಕ್ಕಳಿಗೆ ಅದು ಎರಡು ಪಟ್ಟು ಕಷ್ಟ. ಇಂಗ್ಲಿಷ್ ಕಾದಂಬರಿ ಹತ್ತಾರು ಓದಿದವರು ಮಾತ್ರ ಕೈ ಹಾಕಲಿ.

ದುಡ್ಡಿನ ಮಾತು

ಹೊಸ ಪ್ರತಿಗೆ ಒಂದೊಂದಕ್ಕೆ ಸುಮಾರು 300ರಿಂದ 500 ರೂಪಾಯಿ ಹಿಡಿಯಿರಿ. ಸೆಟ್ ತರಿಸಿದರೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ ಬೀಳುತ್ತದೆ. ಆದರೂ ಮೊದಲು ಒಂದನ್ನೇ ತರಿಸಿ ಎನ್ನುತ್ತೇನೆ. ಮೊದಲನೆಯದನ್ನು ಅರ್ಧಕ್ಕೆ ಬಿಟ್ಟವರ ಮನೆಯಲ್ಲಿ ಮೂರರ ಸೆಟ್ ಸುಮ್ನೆ ಕೂತಿರುವುದನ್ನು ನೋಡಿದ್ದೇನೆ. ಸೆಟ್ ತರಿಸಿದರೂ ಪರವಾಗಿಲ್ಲ ಎನ್ನಬಹುದಾದವು ಹಂಗರ್ ಗೇಮ್ಸ್ ಮತ್ತು ಲೆಜೆಂಡ್. ಡೈವರ್ಜೆಂಟ್, ಮೇಜ್ ರನ್ನರ್ ಬಿಡಿಯಾಗಿ.

ಫುಟ್‌ಪಾತ್ ಮೇಲೆ 100 ರೂಪಾಯಿಗೆ ಸಿಗುವ ಪ್ರತಿಗಳು ಬಹುಪಾಲು ಕಳ್ಳ ಮುದ್ರಣ. ಕಾಗದ ತೆಳು, ಅಕ್ಷರ ಮಸಕು, ಕೆಲವೊಮ್ಮೆ ಪುಟಗಳೇ ಇರುವುದಿಲ್ಲ. ಇಂಥ ಕಥೆಯಲ್ಲಿ ಕೊನೆಯ 16 ಪುಟ ಇಲ್ಲ ಅಂದರೆ ಹೇಗಿರುತ್ತದೆ ನೀವೇ ಯೋಚಿಸಿ. ಅದರ ಬದಲು ಸೆಕೆಂಡ್ ಹ್ಯಾಂಡ್ ಅಸಲಿ ಪ್ರತಿ ಹುಡುಕಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಭಾನುವಾರ ಆಬಿಡ್ಸ್‌ನ ರಸ್ತೆಬದಿಯಲ್ಲಿ ಹಳೆಯ ಪುಸ್ತಕಗಳ ಸಂತೆಯೇ ನೆರೆಯುತ್ತದೆ. ಬೆಂಗಳೂರಿಗೆ ಹೋಗುವವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ನೋಡಬಹುದು. ಕೊಪ್ಪಳ, ಗಂಗಾವತಿ ಕಡೆಯವರಿಗೆ ಆನ್‌ಲೈನ್ ಸುಲಭ. ಮೂರು ಮನೆಯವರು ಒಂದೊಂದು ತರಿಸಿ ಅದಲು ಬದಲು ಮಾಡಿಕೊಂಡರೆ ಎಲ್ಲಕ್ಕಿಂತ ಅಗ್ಗ. ಇ-ಬುಕ್ ಕಡಿಮೆ ದುಡ್ಡಿಗೆ ಬರುತ್ತದೆ ನಿಜ, ಆದರೆ ಅದೇ ಮೊಬೈಲಿನಲ್ಲಿ ಇನ್‌ಸ್ಟಾಗ್ರಾಂ ಕೂಡ ಇದೆಯಲ್ಲ.

ಹಂಗರ್ ಗೇಮ್ಸ್ ಆರಿಸಿದವರಿಗೆ ಇನ್ನೊಂದು ಗೊಂದಲ ಬರುತ್ತದೆ. ಕಾಲಿನ್ಸ್ ಹಿಂದಿನ ಕಾಲದ ಕಥೆಯಾಗಿ ಇನ್ನೆರಡು ಪುಸ್ತಕ ಬರೆದಿದ್ದಾರೆ. 2020ರದ್ದು ಪ್ಯಾನೆಮ್‌ನ ಅಧ್ಯಕ್ಷ ಸ್ನೋ 18ರ ಹುಡುಗನಾಗಿದ್ದಾಗ ನಡೆದ 10ನೇ ಆಟದ ಕಥೆ. 2025ರ ಸನ್‌ರೈಸ್ ಆನ್ ದಿ ರೀಪಿಂಗ್, ಕ್ಯಾಟ್ನಿಸ್‌ಗೆ ಮಾರ್ಗದರ್ಶಿಯಾಗಿದ್ದ ಹೇಮಿಚ್ ಹುಡುಗನಾಗಿದ್ದಾಗ ಆಡಿದ 50ನೇ ವರ್ಷದ ಆಟದ್ದು. ಆ ವರ್ಷ ಮಕ್ಕಳು 24 ಅಲ್ಲ, 48. ಕಾಲದ ಕ್ರಮದಲ್ಲಿ ಇವೇ ಮೊದಲು ಎಂದು ಇವುಗಳಿಂದ ಶುರು ಮಾಡಬೇಡಿ. ಬಂದ ಕ್ರಮದಲ್ಲೇ ಓದಿ. 2020ರದ್ದು ನಿಧಾನ, ಬೇಕಿದ್ದರೆ ಬಿಡಿ. 2025ರದ್ದನ್ನು ಬಿಡಬೇಡಿ. ಆದರೆ ಅದಕ್ಕೆ ಮೊದಲು ಎರಡನೇ ಪುಸ್ತಕ ಕ್ಯಾಚಿಂಗ್ ಫೈರ್ ಓದಿರಲೇಬೇಕು. ಅಲ್ಲಿ ಕ್ಯಾಟ್ನಿಸ್ ಮತ್ತು ಅವಳ ಜಿಲ್ಲೆಯಿಂದಲೇ ಆಟಕ್ಕೆ ಹೋದ ಹುಡುಗ ಪೀಟಾ ಹೇಮಿಚ್‌ನ ಆಟದ ಹಳೆಯ ವಿಡಿಯೋ ನೋಡುತ್ತಾರೆ. ಆ ವಿಡಿಯೋದಲ್ಲಿ ಏನೇನು ಕತ್ತರಿಸಿದ್ದರು ಎನ್ನುವುದು ಹೊಸ ಪುಸ್ತಕದಲ್ಲಿದೆ.